ಗೌಂಡಿಯ ಮಟ್ಟ, ವಾರ್ತೆಯ ಮಟ್ಟ

(ಖರಾಡಿಯ ಕನ್ನಡಿಗರ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದನೆಯ ತಾರೀಖು ಬಂತೆಂದರೆ ಭಾಷಣಕಾರರಿಗೆ ಸುಗ್ಗಿ. ಕದಂಬರಿಂದ ಹೊರಟು, ಹೊಯ್ಸಳರ ಬಳಿ ಕೊಂಚ ನಿಂತು, ವಿಜಯನಗರದಲ್ಲಿ ಊಟ ಮುಗಿಸಿ, ಏಕೀಕರಣಕ್ಕೆ ಬರುವಷ್ಟರಲ್ಲಿ ಸಭಿಕರಲ್ಲಿ ಅರ್ಧ ಪಾಲು ಚಹದ ಮೇಜಿನ ಕಡೆಗೆ ವಲಸೆ ಹೋಗಿರುತ್ತದೆ. ಆ ದಾರಿ ನಮ್ಮದಲ್ಲ. ೧೯೫೬ರ ನವೆಂಬರ್ ೧ರಂದು ನಾಡು ಒಂದಾಯಿತು. ೧೯೭೩ರ ನವೆಂಬರ್ ೧ರಂದು ಅದಕ್ಕೆ ಕರ್ನಾಟಕವೆಂದು ಹೆಸರಾಯಿತು. ಇಷ್ಟು ಹೇಳಿ ಚರಿತ್ರೆಗೆ ಕೈಮುಗಿದು, ಮನೆಯ ಮಾತಿಗೆ ಇಳಿಯುತ್ತೇವೆ.

ಮೊದಲಿಗೇ ಒಂದು ವಿಜ್ಞಾಪನೆ. ನಾವು, ನಾವು ಎನ್ನುತ್ತೇವಲ್ಲ, ಅದು ಅರಸರ ಬಹುವಚನವಲ್ಲ, ಸಂಸಾರಸ್ಥರ ಬಹುವಚನ. ನಮ್ಮ ಮನೆಯವರನ್ನೂ ಸೇರಿಸಿಕೊಂಡು ಮಾತನಾಡುವುದು ನಮಗೆ ರೂಢಿ. ಹೇಳಿದ್ದು ನಿಮಗೆ ಹಿಡಿಸಿದರೆ ಕೀರ್ತಿಯಲ್ಲಿ ಅವರಿಗೂ ಪಾಲುಂಟು. ಹಿಡಿಸದಿದ್ದರೆ ಬೈಗಳಲ್ಲಿಯೂ ಉಂಟು.

ಇಂದು ನಾವು ಎತ್ತಿಕೊಂಡಿರುವುದು ಮೂರು ಸಂಗತಿಗಳನ್ನು: ಮಾತು, ಕೈಗೆಲಸ, ರೇಡಿಯೋದ ರಾಜಕೀಯ. ಇವಕ್ಕೆ ಒಂದಕ್ಕೊಂದು ಸಂಬಂಧವೇನು ಎಂದು ನೀವು ಕೇಳಬಹುದು. ಅಕ್ಕಿ, ಉದ್ದು, ಮೆಂತ್ಯ ಬೇರೆ ಬೇರೆ ಡಬ್ಬಿಗಳಲ್ಲಿರುವಾಗ ಅವಕ್ಕೂ ಸಂಬಂಧವಿರುವುದಿಲ್ಲ. ರುಬ್ಬಿದ ಮೇಲೆ ದೋಸೆ ಆಗುತ್ತದೆ. ಸ್ವಲ್ಪ ರುಬ್ಬಲು ಅವಕಾಶ ಕೊಡಿ.

ನಾವು ನೆಲೆಸಿರುವ ಈ ಖರಾಡಿಯಿಂದಲೇ ಆರಂಭಿಸೋಣ. ಪುಣೆಯ ಪೂರ್ವಕ್ಕೆ, ನಗರ ರಸ್ತೆಗೆ ಅಂಟಿಕೊಂಡು, ಮುಳಾ-ಮುಠಾ ನದಿಯ ದಂಡೆಯವರೆಗೆ ಚಾಚಿದ ಊರು. ೧೯೯೭ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರುವ ತನಕ ಇದು ಹೊಲಗಳ ನಡುವಿನ ಹಳ್ಳಿ. ಈಗ ಕತ್ತು ನೋಯುವಂತೆ ತಲೆಯೆತ್ತಿದರೂ ತುದಿ ಕಾಣದ ಗಾಜಿನ ಕಟ್ಟಡಗಳ ಊರು. ಇಲ್ಲಿಯ ಲಿಫ್ಟಿನಲ್ಲಿ ನಿಂತರೆ ಹತ್ತು ಅಂತಸ್ತು ಏರುವುದರೊಳಗೆ ಐದು ಭಾಷೆಗಳು ಕಿವಿಗೆ ಬೀಳುತ್ತವೆ. ಕನ್ನಡಿಗರು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಹೇಗೆಂದರೆ, ಯಾರಾದರೂ ಅವರ ಕಾಲು ತುಳಿಯಬೇಕು. "ಅಯ್ಯಯ್ಯೋ" ಎಂದರೆ ಹಳೆಯ ಮೈಸೂರು, "ಯವ್ವಾ" ಎಂದರೆ ಕೃಷ್ಣೆಯ ಕಡೆಯವರು. ಸುಮ್ಮನಿದ್ದರೆ ಇಂಗ್ಲಿಷ್ ಶಾಲೆಯಲ್ಲಿ ಓದಿದವರು.

ಹಿಂದಿಯಲ್ಲಿ ಖರಾದ್ ಎಂದರೆ ಲೇತ್ ಯಂತ್ರ. ಅದರ ಮೇಲೆ ಮರವನ್ನೋ ಲೋಹವನ್ನೋ ತಿರುಗಿಸಿ ದುಂಡಗೆ ಮಾಡುವ ಕುಶಲಿಗೆ ಖರಾದಿ ಎನ್ನುತ್ತಾರೆ. ಅವನಿಗೂ ನಮ್ಮ ಖರಾಡಿಗೂ ನೆಂಟಸ್ತನ ಕುದುರಿಸಲು ನಾವು ಹೊರಟಿಲ್ಲ. ದಕಾರ ಡಕಾರಗಳ ಜಗಳ ಪಂಡಿತರಿಗಿರಲಿ. ಆದರೆ ಊರಿನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಒಬ್ಬ ಕುಶಲಕರ್ಮಿಯ ನೆನಪಾದರೆ ನಷ್ಟವೇನು? ಕನ್ನಡದಲ್ಲಿ ಅವನ ಕೆಲಸಕ್ಕೆ ಸೊಗಸಾದ ಮಾತುಂಟು: ಕಡೆಯುವುದು. ಮೊಸರನ್ನು ಕಡೆದರೆ ಬೆಣ್ಣೆ, ಮರವನ್ನು ಕಡೆದರೆ ಬೊಂಬೆ, ಕಲ್ಲನ್ನು ಕಡೆದರೆ ಕಂಬ. ಚನ್ನಪಟ್ಟಣದವರು ಹಾಲೆ ಮರದ ತುಂಡನ್ನು ತಿರುಗಿಸಿ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬೇಲೂರು ಹಳೇಬೀಡುಗಳ ನುಣುಪಾದ ಕಂಬಗಳೂ ಹೀಗೆಯೇ ತಿರುಗಿಸಿ ಕಡೆದವು. ಅಡಿಗೆಮನೆಯಲ್ಲಿ ಅಜ್ಜಿ ಮಾಡುವ ಕೆಲಸಕ್ಕೂ ಹೊಯ್ಸಳರ ಶಿಲ್ಪಿ ಮಾಡಿದ ಕೆಲಸಕ್ಕೂ ಒಂದೇ ಕ್ರಿಯಾಪದವನ್ನು ಇಟ್ಟ ಭಾಷೆ ನಮ್ಮದು. ಇದು ಸಣ್ಣ ಮಾತಲ್ಲ.

ಇನ್ನು ರೇಡಿಯೋ. ೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಯಂತ್ರ ಹೂಡಿ ಬಾನುಲಿ ನಡೆಸತೊಡಗಿದರು. ಆ ಕೇಂದ್ರಕ್ಕಿದ್ದ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಅಂದರೆ ದೇಶದ ದೊಡ್ಡ ಗಂಟಲಿಗೆ ಹೆಸರು ಸಿಕ್ಕಿದ್ದು ಮೈಸೂರಿನ ಒಂದು ಮನೆಯ ಕೈಗೆಲಸದಿಂದ. ಧಾರವಾಡದ ಕೇಂದ್ರ ೧೯೫೦ರ ಜನವರಿ ೮ರಂದು ಆರಂಭವಾಯಿತು; ನಮ್ಮ ಪುಣೆಯದು ೧೯೫೩ರ ಅಕ್ಟೋಬರ್ ೨ರಂದು. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುತ್ತವೆ. ರಾತ್ರಿಯಾದ ಮೇಲೆ ಮೇಲಿನ ವಾತಾವರಣದಿಂದ ಪುಟಿದು ನೂರಾರು ಮೈಲಿ ಆಚೆ ಬಂದು ಬೀಳುತ್ತವೆ. ಆದುದರಿಂದ ಹೊರನಾಡಿನಲ್ಲಿದ್ದ ನಮ್ಮ ಹಿರಿಯರು ಊಟವಾದ ಮೇಲೆ ರೇಡಿಯೋವನ್ನು ಕಿಟಕಿಯ ಬಳಿ ಇಟ್ಟು, ಅದರ ಮುಖವನ್ನು ಹಾಗೆ ಹೀಗೆ ತಿರುಗಿಸುತ್ತ, ಕೊರಕೊರ ಶಬ್ದದ ನಡುವೆ ಧಾರವಾಡವನ್ನು ಹುಡುಕುತ್ತಿದ್ದರು. ಸಿಕ್ಕಿದರೆ ತವರಿನಿಂದ ಕಾಗದ ಬಂದಷ್ಟು ಸಂತೋಷ. ಈಗ ಆ ಕಷ್ಟವಿಲ್ಲ. ಫೋನಿನಲ್ಲಿ ಬೆರಳು ಒತ್ತಿದರೆ ಕನ್ನಡ ವಾರ್ತೆ ತೊಳೆದಿಟ್ಟ ಲೋಟದಷ್ಟು ಸ್ವಚ್ಛವಾಗಿ ಕೇಳುತ್ತದೆ. ಸಂತೋಷದ ಪ್ರಮಾಣ ಮಾತ್ರ ಕೊಂಚ ಇಳಿದಿದೆ.

ರಾಜಕೀಯಕ್ಕೆ ರೇಡಿಯೋದಲ್ಲಿ ಯಾವಾಗಲೂ ಮಣೆ ಉಂಟು. ೧೯೭೭ರ ಚುನಾವಣೆಯಲ್ಲಿ ಪಕ್ಷಗಳಿಗೆ ಆಕಾಶವಾಣಿಯಲ್ಲಿ ಸರದಿಯಂತೆ ಮಾತನಾಡುವ ಅವಕಾಶ ದೊರೆಯಿತು. ೨೦೧೪ರ ಅಕ್ಟೋಬರ್ ೩ರಿಂದ ಪ್ರಧಾನಮಂತ್ರಿಗಳ 'ಮನ್ ಕೀ ಬಾತ್' ಆರಂಭವಾಯಿತು. ಆದರೆ ಖಾಸಗಿ ಎಫ್.ಎಂ. ಕೇಂದ್ರಗಳ ಕಥೆಯೇ ಬೇರೆ. ದೇಶದ ಮೊದಲ ಖಾಸಗಿ ಎಫ್.ಎಂ. ೨೦೦೧ರ ಜುಲೈಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಾಯಿ ತೆರೆಯಿತು. ಈ ಕೇಂದ್ರಗಳು ಹಾಡು ಹಾಕಬಹುದು, ಹಾಸ್ಯ ಮಾಡಬಹುದು, ಸೋಪಿನ ಗುಣಗಾನ ಮಾಡಬಹುದು. ಸ್ವಂತ ವಾರ್ತೆಯನ್ನೂ ರಾಜಕೀಯ ಚರ್ಚೆಯನ್ನೂ ಮಾತ್ರ ಮಾಡುವಂತಿಲ್ಲ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನೇ ಇದ್ದದ್ದು ಇದ್ದಂತೆ ಬಿತ್ತರಿಸಬಹುದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ವಿವಾದದ ವಿಷಯ ಬಂದಾಗ ಎರಡು ಕಡೆಯ ಮಾತನ್ನೂ ಕೇಳಿಸಬೇಕೆಂಬ ನಿಯಮವೊಂದಿತ್ತು. ೧೯೮೭ರಲ್ಲಿ ಅದನ್ನು ತೆಗೆದರು. ಆಮೇಲೆ ಮೈಕಿನ ಮುಂದೆ ಒಬ್ಬನೇ ಕುಳಿತು ದಿನಕ್ಕೆ ಮೂರು ಮೂರು ಗಂಟೆ ರಾಜಕೀಯ ಮಾತನಾಡುವುದು ಅಲ್ಲಿ ಒಂದು ದೊಡ್ಡ ಉದ್ಯಮವೇ ಆಯಿತು.

ನಮ್ಮಲ್ಲಿ ಆ ಉದ್ಯಮವಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಕ್ಷೌರದಂಗಡಿ ಇದೆಯಲ್ಲ! ಅಲ್ಲಿಯೂ ಒಬ್ಬನೇ ಮಾತನಾಡುತ್ತಾನೆ. ಎರಡು ಕಡೆಯ ಮಾತು ಕೇಳಿಸಬೇಕೆಂಬ ನಿಯಮ ಅಲ್ಲಿಯೂ ಇಲ್ಲ. ಕತ್ತಿ ಗಂಟಲ ಹತ್ತಿರವಿರುವಾಗ ವಿರೋಧಪಕ್ಷ ಎಲ್ಲಿಂದ ಬರಬೇಕು? ಕ್ಷೌರಿಕ ಯಾವ ಪಕ್ಷವೋ ಆ ಅರ್ಧ ಗಂಟೆ ನಾವೂ ಅದೇ ಪಕ್ಷ. ದರ್ಜಿಯ ಅಂಗಡಿಯಲ್ಲಿ ಕೊಂಚ ಪ್ರಜಾಪ್ರಭುತ್ವವುಂಟು; ಆತನ ಬಾಯಲ್ಲಿ ಗುಂಡುಸೂಜಿ ಇರುವಷ್ಟು ಹೊತ್ತು ನಾವು ಮಾತನಾಡಬಹುದು.

ಒಂದು ಸೋಜಿಗವನ್ನು ನೀವು ಗಮನಿಸಿದ್ದೀರೋ ಇಲ್ಲವೋ. ರಾಜಕೀಯದವರು ಕೈಗೆಲಸದವರನ್ನು ಎಷ್ಟು ನೆನೆಯುತ್ತಾರೋ ನಾವು ಹೇಳಲಾರೆವು. ರಾಜಕೀಯದ ಮಾತು ಮಾತ್ರ ನಿತ್ಯವೂ ಕೈಗೆಲಸದವರ ಮನೆಗೆ ಕಡ ಕೇಳಲು ಹೋಗುತ್ತದೆ. ಒಂದು ದಿನದ ವಾರ್ತೆಯನ್ನು ಕಿವಿಗೊಟ್ಟು ಕೇಳಿ. ಯೋಜನೆಯ ಅಡಿಪಾಯ ಎನ್ನುತ್ತಾರೆ, ಅದು ಗೌಂಡಿಯದು. ಭಿನ್ನಮತಕ್ಕೆ ತೇಪೆ ಹಚ್ಚುವ ಯತ್ನ ಎನ್ನುತ್ತಾರೆ, ತೇಪೆ ಸಿಂಪಿಗನದು. ಮೈತ್ರಿಯ ಬೆಸುಗೆ ಕಮ್ಮಾರ ಅಕ್ಕಸಾಲಿಗರದು. ಪಕ್ಷದಲ್ಲಿ ಒಡಕು ಎಂದರೆ ಕುಂಬಾರನ ನೆನಪು. ನಾಯಕತ್ವವನ್ನು ಒರೆಗೆ ಹಚ್ಚುವ ಚುನಾವಣೆ ಎನ್ನುತ್ತಾರೆ. ಒರೆಗಲ್ಲು ಚಿನ್ನದ ಕೆಲಸದವನದು. ಸಮ್ಮಿಶ್ರ ಸರಕಾರವನ್ನು ನಮ್ಮ ಬಿಜಾಪುರದ ಗೆಳೆಯರೊಬ್ಬರು ಕೌದಿ ಎಂದೇ ಕರೆಯುತ್ತಾರೆ. ಬಣ್ಣ ಬಣ್ಣದ ಹಳೆಯ ಬಟ್ಟೆ, ಹೊಲಿಗೆ ಗಟ್ಟಿಯಾಗಿದ್ದರೆ ಚಳಿಗೆ ಅದರಷ್ಟು ಬೆಚ್ಚಗಿನದು ಇನ್ನಿಲ್ಲ ಎಂಬುದು ಅವರ ಮತ. ಕಮ್ಮಾರ, ಕುಂಬಾರ, ಗೌಂಡಿ, ಸಿಂಪಿಗ ಒಂದು ದಿನ ಕೂಡಿ ತಮ್ಮ ಮಾತುಗಳನ್ನೆಲ್ಲ ವಾಪಸು ಕೇಳಿದರೆ, ವಾರ್ತೆ ಓದುವವರಿಗೆ ತಾಪಮಾನ ಮತ್ತು ಕ್ರಿಕೆಟ್ ಎರಡೇ ಉಳಿದಾವು.

ಕೆಲವು ಮಾತುಗಳ ಯಾತ್ರೆ ಇನ್ನೂ ವಿನೋದದ್ದು. ಪತ್ರಿಕೆಗಳಲ್ಲಿ ರೂವಾರಿ ಎಂಬ ಪದ ನೋಡಿರುತ್ತೀರಿ. ಯೋಜನೆಯ ರೂವಾರಿ, ಗೆಲುವಿನ ರೂವಾರಿ. ಹಳಗನ್ನಡದ ಶಾಸನಗಳಲ್ಲಿ ರೂವಾರಿ ಎಂದರೆ ಶಿಲ್ಪಿ, ರೂಪವನ್ನು ಮಾಡುವವನು. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ, ಸೋಮನಾಥಪುರ ನುಗ್ಗೇಹಳ್ಳಿಗಳಲ್ಲಿ ಮಲ್ಲಿತಮ್ಮ ತಮ್ಮ ಬೊಂಬೆಗಳ ಕೆಳಗೆ ಕನ್ನಡದಲ್ಲಿ ಹೆಸರು ಕೆತ್ತಿದ್ದಾರೆ. ಉಳಿ ಹಿಡಿದ ರೂವಾರಿ ಎಂಟು ಒಂಬತ್ತು ನೂರು ವರ್ಷ ನಿಂತಿದ್ದಾನೆ. ಪತ್ರಿಕೆಯ ರೂವಾರಿ ಮುಂದಿನ ಚುನಾವಣೆಯವರೆಗೆ ನಿಂತರೆ ಹೆಚ್ಚು.

ತೆರೆಮರೆಯ ಸೂತ್ರಧಾರ ಎನ್ನುತ್ತಾರೆ. ಸಂಸ್ಕೃತದಲ್ಲಿ ಸೂತ್ರಧಾರನೆಂದರೆ ಬಡಗಿಯೂ ಹೌದು. ಬಣ್ಣದಲ್ಲಿ ಅದ್ದಿದ ನೂಲನ್ನು ಹಲಗೆಯ ಮೇಲೆ ಬಿಗಿಹಿಡಿದು, ಮೀಟಿ ಗೆರೆ ಎಳೆಯುವವನು. ಆ ಸೂತ್ರಧಾರನೇ ಸವೆದು ಸವೆದು ಮರಾಠಿಯಲ್ಲಿ ಸುತಾರನಾಗಿದ್ದಾನೆ. ಪುಣೆಗೆ ಬಂದ ಹೊಸದರಲ್ಲಿ ಸುತಾರ ಎಂದರೆ ನಮ್ಮನ್ನು ಸುತ್ತಾಡಿಸುವವನು ಎಂದೇ ನಾವು ಅರ್ಥ ಮಾಡಿದ್ದೆವು. ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಹದಿನೈದು ದಿನ ಕಳೆದ ಮೇಲೆ ಆ ವ್ಯುತ್ಪತ್ತಿಯೇ ಹೆಚ್ಚು ಶಾಸ್ತ್ರೀಯವೆಂದು ತೋರಿತು. ಬಂದ ಮೇಲೆ ಮಾತ್ರ ಆತ ಮಾಡಿ ಹೋದ ಕಪಾಟು ಇಂದಿಗೂ ಕಿರ್ ಎಂದಿಲ್ಲ.

ಹುನ್ನಾರದ ಕಥೆ ಕೇಳಿ. ಸರಕಾರ ಉರುಳಿಸುವ ಹುನ್ನಾರ ಎಂದು ಕನ್ನಡ ವಾರ್ತೆಯಲ್ಲಿ ಬಂದರೆ ಅದು ಬೈಗಳು. ಮೂಲದ ಪಾರಸಿಯಲ್ಲಿ ಹುನರ್ ಎಂದರೆ ಕೌಶಲ, ಕೈಚಳಕ. ಮರಾಠಿಯಲ್ಲಿ ಇಂದಿಗೂ ಹುನ್ನರಿ ಎಂದರೆ ಜಾಣ ಕೈಗಾರ. ಆದುದರಿಂದ ಪಕ್ಕದ ಮನೆಯ ಮಾವಶಿ ನಿಮ್ಮ ಮಗನನ್ನು "ಮೋಠಾ ಹುನ್ನರೀ" ಎಂದರೆ ದಯವಿಟ್ಟು ಜಗಳಕ್ಕೆ ಹೋಗಬೇಡಿ. ಒಂದು ಬಟ್ಟಲು ಪಾಯಸ ಕಳುಹಿಸಿ.

ಕೈಗೆಲಸದ ಮಾತುಗಳು ಗಡಿಯ ಚೌಕಿಯಲ್ಲಿ ನಿಲ್ಲುವುದೇ ಇಲ್ಲ. ನಮ್ಮ ಅಡಕತ್ತರಿಯೇ ಮರಾಠಿಯ ಅಡಕಿತ್ತಾ. ನಮ್ಮ ಸಿಂಪಿಗ ಅವರ ಶಿಂಪಿ. ಮೇಸ್ತ್ರಿ, ಚಾವಿ, ಇಸ್ತ್ರಿ, ಪಗಾರ, ಈ ನಾಲ್ಕೂ ಪೋರ್ತುಗೀಸರ ಹಡಗಿನಿಂದ ಇಳಿದು ಎರಡೂ ಮನೆಗಳಲ್ಲಿ ಉಳಿದವು. ಪೋರ್ತುಗೀಸರು ಹೋದರು, ಪಗಾರವನ್ನು ಮಾತ್ರ ಯಾರೂ ಹೊರಗೆ ಹಾಕಲಿಲ್ಲ. ಇನ್ನು ಮನುಷ್ಯರ ಮಾತಿಗೆ ಬಂದರೆ, ಮನೆಯಲ್ಲಿ ಮರಾಠಿ ಆಡುತ್ತ ಬೆಳೆದು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕನ್ನಡದ ವರಕವಿ ಎನಿಸಿಕೊಂಡವರು ದ.ರಾ. ಬೇಂದ್ರೆಯವರು. ಅವರಿಗೆ ಎರಡು ಭಾಷೆಗಳು ಎರಡು ಕಣ್ಣುಗಳಾಗಿದ್ದುವೇ ಹೊರತು ಎರಡು ಪಕ್ಷಗಳಾಗಿರಲಿಲ್ಲ.

ಆದರೂ ಗಡಿ ಎಂಬುದು ಇದ್ದೇ ಇದೆ. ಮಹಾಜನ ಆಯೋಗ ೧೯೬೭ರಲ್ಲಿ ವರದಿ ಕೊಟ್ಟಿತು. ೨೦೦೪ರಲ್ಲಿ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ೨೦೨೨ರ ಡಿಸೆಂಬರಿನಲ್ಲಿ ಗಡಿಯ ಮಾತು ಮತ್ತೆ ಬಿಸಿಯಾಗಿ ಎರಡೂ ಕಡೆ ವಾಹನಗಳಿಗೆ ಪೆಟ್ಟು ಬಿತ್ತು. ಅಂಥ ದಿನಗಳಲ್ಲಿ ಹೊರನಾಡಿನವರಾದ ನಮಗೆ ಲಿಫ್ಟಿನಲ್ಲಿ ಕನ್ನಡ ಮಾತನಾಡಲು ನಾಲಗೆ ಒಂದು ಕ್ಷಣ ತಡವರಿಸುತ್ತದೆ. ನಮಗೆ ಯಾರೂ ಏನೂ ಅನ್ನಲಿಲ್ಲ, ಆದರೂ ತಡವರಿಸುತ್ತದೆ. ಈ ಸಭೆಯಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಾರರು.

ಅದೇ ದಿನಗಳಲ್ಲಿ ನಮ್ಮ ಮನೆಯ ಒಳಬಾಗಿಲೊಂದನ್ನು ಬದಲಿಸಬೇಕಾಗಿ ಬಂತು. ಗೌಂಡಿ ಸಿಂದಗಿಯ ಕಡೆಯವರು. ಅರುವತ್ತು ದಾಟಿದ ಹಿರಿಯರು. ಸುತಾರ ಇಲ್ಲಿಯವನೇ, ಮರಾಠಿಯವನು. ಗೋಡೆ ಒಬ್ಬರದು, ಬಾಗಿಲು ಇನ್ನೊಬ್ಬರದು. ನಡುವೆ ಬರುವ ಚೌಕಟ್ಟು ಇಬ್ಬರದೂ. ಗೌಂಡಿ ಚೌಕಟ್ಟು ಎಂದರು, ಸುತಾರ ಚೌಕಟ್ ಎಂದ. ದುಭಾಷಿಯ ಅಗತ್ಯ ಬೀಳಲಿಲ್ಲ. ನಾವು ಗಾರೆ ಎಂದೆವು, ಗೌಂಡಿ ಗಿಲಾವು ಎಂದರು, ಸುತಾರ ಗಿಲಾವಾ ಎಂದ. ಮೂವರಲ್ಲಿ ಪರದೇಶಿಗಳಾದವರು ನಾವೊಬ್ಬರೇ. ನಾವು ತುಮಕೂರಿನ ಕಡೆಯವರು ನೋಡಿ.

"ಮೇಸ್ತ್ರಿಗಳೇ, ಗೋಡೆ ಸರಿಯಿದೆಯಲ್ಲ?" ಎಂದು ಕೇಳಿದೆವು.

"ಸರಿ ಎಲ್ಲೈತ್ರಿ ಸಾಹೇಬ್ರ! ಗುಂಡು ಬಿಟ್ಟು ನೋಡ್ರಿ, ಗ್ವಾಡಿ ಹೊಟ್ಟಿ ಬಿಟ್ಟೈತಿ" ಎಂದರು. ದಾರದ ತುದಿಗೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ತೋರಿಸಿದರು. ಕಂತು ಕಟ್ಟುತ್ತಿರುವ ಗೋಡೆಗೆ ಹೊಟ್ಟೆ ಬಂದಿದ್ದು ಕಂಡು ನಮ್ಮ ಹೊಟ್ಟೆ ಉರಿಯಿತು.

ಅನಂತರ ಮಟ್ಟ ನೋಡುವ ಕೆಲಸ. ಅವರ ಉಪಕರಣ ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ನೀರು. ಒಂದು ತುದಿಯನ್ನು ತಾವು ಹಿಡಿದು ಇನ್ನೊಂದನ್ನು ಸುತಾರನ ಕೈಗೆ ಕೊಟ್ಟರು. ಕೋಣೆಯ ಈ ತುದಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೋ ಆ ತುದಿಯಲ್ಲಿಯೂ ಅದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿ ಗುರುತು, ಇಲ್ಲಿ ಗುರುತು. ನೀರಿಗೆ ಪಕ್ಷವಿಲ್ಲ. ಆದರೆ ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಮಟ್ಟ ಸುಳ್ಳು ಹೇಳುತ್ತದಂತೆ. ಮೊದಲು ಬೆರಳಿನಿಂದ ತಟ್ಟಿ ತಟ್ಟಿ ಗಾಳಿಯನ್ನು ಹೊರಗೆ ಕಳಿಸಿದರು. ಕೊಳವೆ ಪಾರದರ್ಶಕವಾಗಿದ್ದರೆ ಸಾಲದು, ಒಳಗೆ ಗಾಳಿಮಾತು ಇರಬಾರದು ಎಂಬ ತತ್ತ್ವ ಆಡಳಿತ ನಡೆಸುವವರಿಗೂ ಉಪಯೋಗಕ್ಕೆ ಬಂದೀತು.

ಅವರ ಫೋನು ಕಿಟಕಿಯ ಮೇಲಿತ್ತು. ಅದರಲ್ಲಿ ಕನ್ನಡ ವಾರ್ತೆ. ಡಿಸೆಂಬರ್ ೧೪ರಂದು ಕೇಂದ್ರ ಗೃಹಮಂತ್ರಿಗಳು ದಿಲ್ಲಿಯಲ್ಲಿ ಇಬ್ಬರು ಮುಖ್ಯಮಂತ್ರಿಗಳನ್ನು ಕೂಡಿಸಿ ಗಡಿಯ ಬಗ್ಗೆ ಮಾತನಾಡಿದ ಸುದ್ದಿ ಬರುತ್ತಿತ್ತು. ಉನ್ನತ ಮಟ್ಟದ ಸಭೆ ಎಂಬ ಮಾತು ಕೇಳಿ ಗೌಂಡಿ ನಕ್ಕರು.

"ಮಟ್ಟ ಅಂದ್ರ ಮಟ್ಟ ರೀ ಸಾಹೇಬ್ರ. ಅದರಾಗ ಉನ್ನತ ಯಾವುದು, ಕೆಳಗಿಂದು ಯಾವುದು? ಉನ್ನತ ಆತು ಅಂದ್ರ ಒಂದ ಕಡೆ ಎತ್ತರ ಆತು. ಎತ್ತರ ಆತು ಅಂದ್ರ ನೀರು ಇನ್ನೊಂದ ಕಡೆ ಬಂದು ನಿಂತಿತು. ಬಚ್ಚಲಕ್ಕ ಇಳಿಜಾರು ಬೇಕ್ರಿ, ಸಭಾಕ್ಕ ಮಟ್ಟ ಬೇಕು."

ಸುತಾರನಿಗೆ ನಾವು ಇದನ್ನು ಮರಾಠಿಯಲ್ಲಿ ತಿಳಿಸಿದೆವು. ಆತ ಗುರುತು ಹಾಕುವುದನ್ನು ಬಿಟ್ಟು ಗಟ್ಟಿಯಾಗಿ ನಕ್ಕ. ಕೊಳವೆಯ ನೀರು ಅಲ್ಲಾಡಿತು. ಮಟ್ಟವನ್ನು ಮತ್ತೆ ನೋಡಬೇಕಾಯಿತು. ಸಂಜೆಯ ಹೊತ್ತಿಗೆ ಬಾಗಿಲು ಕೂತಿತು. ಒಂದು ಬೆರಳಿನಿಂದ ನೂಕಿದರೆ ಮುಚ್ಚುತ್ತದೆ, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಸಂವಿಧಾನದ ಚೌಕಟ್ಟು ಎಂದು ರೇಡಿಯೋದಲ್ಲಿ ಬಂದಾಗಲೆಲ್ಲ ಈಗ ನಮಗೆ ಆ ಇಬ್ಬರ ಚೌಕಟ್ಟೇ ಕಣ್ಣಿಗೆ ಬರುತ್ತದೆ. ಇಷ್ಟರಿಂದ ಗಡಿಯ ಪ್ರಶ್ನೆ ಬಗೆಹರಿಯಿತೆಂದು ನಾವು ಹೇಳುವಷ್ಟು ಮುಗ್ಧರಲ್ಲ. ನಮ್ಮ ಬಾಗಿಲಿನ ಪ್ರಶ್ನೆ ಬಗೆಹರಿಯಿತು, ಅಷ್ಟೆ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇವೆ. ಇಷ್ಟು ಹೊತ್ತು ರುಬ್ಬಿದ್ದು ಇದಕ್ಕಾಗಿಯೇ.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಕನ್ನಡವನ್ನು ಒಮ್ಮೆ ಲೆಕ್ಕ ಹಾಕಿ. ಬಾ, ತಿನ್ನು, ಮಲಗು, ಸುಮ್ಮನಿರು. ನಾಲ್ಕು ಕ್ರಿಯಾಪದಗಳ ಕನ್ನಡ; ನಾಲ್ಕೂ ಆಜ್ಞೆಗಳು. ಊರಿನಿಂದ ಅಜ್ಜಿ ಫೋನಿನಲ್ಲಿ ಕಾಣಿಸಿಕೊಂಡಾಗ ಐದನೆಯದು ಸೇರುತ್ತದೆ: ಚೆನ್ನಾಗಿದ್ದೇನೆ. ಮಿಕ್ಕಿದ್ದಕ್ಕೆಲ್ಲ ಇಂಗ್ಲಿಷ್, ಹಿಂದಿ, ಅಂಗಳದ ಆಟಕ್ಕೆ ಮರಾಠಿ. ಮಕ್ಕಳನ್ನು ಬೈದು ಫಲವಿಲ್ಲ. ಮಾತು ಮಗುವಿನ ಕೈಗೆ ಏನನ್ನಾದರೂ ಕೊಡಬೇಕು. ಬರಿಯ ಆಜ್ಞೆ ಕೊಟ್ಟರೆ ಮಗು ಆ ಮಾತಿನಿಂದ ಓಡಿಹೋಗುತ್ತದೆ.

ಒಂದು ಸಲ ವಾರ್ತೆಯಲ್ಲಿ ತೇಪೆ ಎಂಬ ಮಾತು ಬಂದಾಗ ನಮ್ಮ ಮಗಳು ತೇಪೆ ಎಂದರೇನು ಎಂದು ಕೇಳಿದಳು. ಹರಿದ ಬಟ್ಟೆಗೆ ಹಚ್ಚುವ ತುಂಡು ಎಂದು ವಿವರಿಸಿದೆವು. "ಹರಿದದ್ದನ್ನು ಯಾಕೆ ಮುಚ್ಚಬೇಕು? ಅಂಗಡಿಯಲ್ಲಿ ಹರಿದದ್ದಕ್ಕೇ ಹೆಚ್ಚು ಬೆಲೆ" ಎಂದಳು. ಇಂದಿನ ಜೀನ್ಸ್ ಪ್ಯಾಂಟುಗಳನ್ನು ನೋಡಿದವರು ಇದಕ್ಕೆ ಉತ್ತರ ಕೊಡಲಾರರು. ಕೊನೆಗೆ ನಮ್ಮ ಮನೆಯವರು ಒಂದು ಹಳೆಯ ಚೀಲ, ಸೂಜಿ, ದಾರ ತಂದು ಅವಳ ಕೈಯಲ್ಲಿಟ್ಟರು. ಸೂಜಿಗೆ ದಾರ ಪೋಣಿಸು, ಗಂಟು ಹಾಕು, ಅಂಚು ಮಡಿಸು, ಬಿಗಿ ಎಳೆಯಬೇಡ, ನಿರಿಗೆ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಒಂದು ಸೊಟ್ಟ ತೇಪೆ ತಯಾರಾಯಿತು. ಅದರ ಸಂಗಡ ಎಂಟು ಹತ್ತು ಕನ್ನಡ ಮಾತುಗಳು ಅವಳ ಬೆರಳಿಗೆ ಹತ್ತಿಕೊಂಡವು, ತಿರುಗುವ ಬೊಂಬೆಗೆ ಅರಗು ಹತ್ತಿಕೊಂಡಂತೆ. ಉಜ್ಜಿದ ಬಿಸಿ ಇಲ್ಲದೆ ಬಣ್ಣ ನಿಲ್ಲುವುದಿಲ್ಲ.

ಬಾಗಿಲಿನ ಕೆಲಸದ ದಿನ ಗೌಂಡಿಯವರ ಮೊಮ್ಮಗಳು ಅಜ್ಜನ ಸಂಗಡ ಬಂದು ನಮ್ಮ ಮನೆಯಲ್ಲಿ ಕೂತಿದ್ದಳು. ನಮ್ಮ ಮಗಳಷ್ಟೇ ವಯಸ್ಸು. ಕರಣಿ, ಗುಂಡು, ಸಲಕಿ, ಜರಡಿ, ಉಸುಕು, ಎಲ್ಲಕ್ಕೂ ಅವಳಲ್ಲಿ ಹೆಸರಿತ್ತು. ಆದರೆ ಕನ್ನಡ ಅಕ್ಷರ ಒಂದೂ ಬಾರದು. ಅಜ್ಜನ ಕೆಲಸ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿದಂತೆ ಅವಳ ಶಾಲೆಯೂ ಬಿಟ್ಟು ಬಿಟ್ಟು ನಡೆದಿತ್ತು. ಹೋದದ್ದೂ ಮರಾಠಿ ಶಾಲೆಗೆ. ನಮ್ಮ ಮಗಳಿಗೆ ಭಾನುವಾರದ ಪಾಠದಿಂದ ಅಕ್ಷರಗಳೆಲ್ಲ ಗೊತ್ತು. ಬರೆಯಲು ಪದಗಳೇ ಇಲ್ಲ. ಒಬ್ಬಳು ಹೇಳಿದಳು, ಇನ್ನೊಬ್ಬಳು ಬರೆದಳು. ಸಂಜೆಗೆ ಸಿಮೆಂಟಿನ ಚೀಲದ ಕಾಗದದ ಮೇಲೆ ಮೂವತ್ತೊಂದು ಪದಗಳಿದ್ದವು. ಗೌಂಡಿಯವರ ಮೊಮ್ಮಗಳು ಅಂದು ಕಲಿತ ಅಕ್ಷರಗಳು ಆರು. ಅವಳ ಹೆಸರಿಗೆ ಬೇಕಾದದ್ದು ಮೂರೇ ಆಗಿದ್ದುದರಿಂದ ಮೂರು ಬಡ್ಡಿ. ಮರುದಿನ ಅವರು ವಾಘೋಲಿಯ ಕಡೆ ಬೇರೊಂದು ಕಟ್ಟಡಕ್ಕೆ ಹೋದರು. ಆ ಪಟ್ಟಿ ನಮ್ಮ ಮನೆಯ ಗೋಡೆಯ ಮೇಲಿದೆ. ಆ ಹುಡುಗಿಯ ಆರು ಅಕ್ಷರಗಳು ಎಲ್ಲಿವೆಯೋ?

ಮಹನೀಯರೇ, ಖರಾಡಿಯಲ್ಲಿ ಕನ್ನಡಿಗರು ಎಷ್ಟು ಮನೆ ಎಂದು ಲೆಕ್ಕ ಮಾಡುವಾಗ ನಾವು ಲಿಫ್ಟು ಇರುವ ಮನೆಗಳನ್ನಷ್ಟೇ ಎಣಿಸುತ್ತೇವೆ. ಕಲಬುರ್ಗಿ, ಯಾದಗಿರಿ, ವಿಜಯಪುರಗಳಿಂದ ಕರಣೆ ಬುಟ್ಟಿ ಹಿಡಿದು ಬಂದವರೂ ಕನ್ನಡಿಗರೇ. ನಾವು ಹತ್ತನೆಯ ಅಂತಸ್ತಿನಲ್ಲಿ ವಾಸಿಸುತ್ತೇವೆ. ಅವರು ಆ ಅಂತಸ್ತನ್ನು ಕಟ್ಟಿ ಇಳಿದು ಹೋಗಿರುತ್ತಾರೆ. ನಮ್ಮ ಮಕ್ಕಳಲ್ಲಿ ಅಕ್ಷರವಿದೆ, ಕೆಲಸದ ಮಾತಿಲ್ಲ. ಅವರ ಮಕ್ಕಳಲ್ಲಿ ಮಾತಿದೆ, ಅಕ್ಷರವಿಲ್ಲ. ಎರಡು ಮಕ್ಕಳೂ ಬೇರೆ ಬೇರೆಯಾಗಿ ಬೆಳೆದರೆ ಇನ್ನು ಇಪ್ಪತ್ತು ವರ್ಷಕ್ಕೆ ಒಬ್ಬರ ಮನೆಯಲ್ಲಿಯೂ ಪೂರ್ತಿ ಕನ್ನಡ ಉಳಿಯುವುದಿಲ್ಲ.

ಆದುದರಿಂದ ನಮ್ಮ ಸೂಚನೆ ಎರಡೇ. ಸಮಿತಿ, ಉಪಸಮಿತಿ ಏನೂ ಬೇಡ. ಒಂದು: ತಿಂಗಳಿಗೊಂದು ಭಾನುವಾರ ನಮ್ಮಲ್ಲಿ ನಾಲ್ಕು ಜನ ಸ್ಲೇಟು ಬಳಪ ಹಿಡಿದು ಹತ್ತಿರದ ಕಟ್ಟಡದ ಕೆಲಸಗಾರರ ಬಿಡಾರಕ್ಕೆ ಹೋಗೋಣ, ನಮ್ಮ ಮಕ್ಕಳನ್ನೂ ಕರೆದೊಯ್ಯೋಣ. ಅಲ್ಲಿಯ ಮಕ್ಕಳು ಪದ ಹೇಳಲಿ, ಇಲ್ಲಿಯವರು ಬರೆದು ತೋರಿಸಲಿ. ಯಾರು ಗುರು, ಯಾರು ಶಿಷ್ಯ ಎಂಬುದನ್ನು ಅವರೇ ತೀರ್ಮಾನಿಸಿಕೊಳ್ಳುತ್ತಾರೆ. ಎರಡು: ಮುಂದಿನ ರಾಜ್ಯೋತ್ಸವಕ್ಕೆ ಅವರನ್ನೂ ಕರೆಯೋಣ. ವೇದಿಕೆಯ ಕೆಳಗೆ ಊಟಕ್ಕಲ್ಲ, ವೇದಿಕೆಯ ಮೇಲೆ ಮಾತಿಗೆ. ಒಬ್ಬ ಗೌಂಡಿ, ಒಬ್ಬ ಸಿಂಪಿಗ, ಕೌದಿ ಹೊಲಿಯುವ ಒಬ್ಬ ತಾಯಿ ತಮ್ಮ ತಮ್ಮ ಸಾಮಾನು ಮೇಜಿನ ಮೇಲಿಟ್ಟು ಹತ್ತು ಹತ್ತು ನಿಮಿಷ ಮಾತನಾಡಲಿ. ಆ ಸುತಾರನನ್ನೂ ಕರೆಯೋಣ. ಇಂದು ಬರುತ್ತೇನೆ ಎಂದರೆ ಹದಿನೈದು ದಿನ ಮೊದಲೇ ಹೇಳಿಡಬೇಕು, ಅಷ್ಟೆ. ಕದಂಬರಿಂದ ಹೊರಡುವ ಭಾಷಣಕಾರರಿಗೆ ಆ ವರ್ಷ ವಿಶ್ರಾಂತಿ ಸಿಕ್ಕಲಿ. ನಮಗೂ ಸಿಕ್ಕಲಿ.

ಮಟ್ಟ ನೋಡಬೇಕಾದರೆ ಕೊಳವೆಯ ಎರಡು ತುದಿಯನ್ನೂ ಯಾರಾದರೂ ಹಿಡಿದಿರಬೇಕು. ಒಂದು ತುದಿ ಈ ಸಭಾಮಂದಿರದಲ್ಲಿದೆ. ಇನ್ನೊಂದನ್ನು ಹಿಡಿಯುವವರು ಇಲ್ಲಿಂದ ಎರಡು ರಸ್ತೆ ಆಚೆಗೆ, ತಗಡಿನ ಬೇಲಿಯ ಒಳಗೆ ಇದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಹೊರಡುತ್ತೇವೆ. ಸಂಗಡ ಬರುವವರು ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ, ಕನ್ನಡದಲ್ಲಿ ಬರೆಯಿರಿ.

ಚಹ ಆರುತ್ತಿದೆ.